ಅನ್ಯರ ಹಬ್ಬಗಳು: ಅಂಗಡಿ ಮುಂದಿನ ಹನುಕ್ಕಾ ದೀಪ

ತಾರಮಂಗಲದ ಮನೆಬಾಗಿಲುಗಳಲ್ಲಿ ಕಾರ್ತಿಗೈ ದೀಪ ಹಚ್ಚಿ ಹತ್ತು-ಹನ್ನೆರಡು ದಿನಗಳಾಗುವಷ್ಟರಲ್ಲಿ ಯೆಹೂದಿಗಳ ಮನೆಗಳಲ್ಲಿ ಹನುಕ್ಕಾ ಹಬ್ಬ ಆರಂಭವಾಗುತ್ತದೆ. ಅವರದೂ ಚಂದ್ರನ ಲೆಕ್ಕದ ತಿಂಗಳೇ. ಕಿಸ್ಲೇವ್ ಮಾಸದ 25ರಂದು ಮೊದಲಾಗಿ, ಅಮಾವಾಸ್ಯೆಯನ್ನು ದಾಟಿ, ಎಂಟು ದಿನ ನಡೆಯುತ್ತದೆ. ದೀಪಾವಳಿ ಆಚರಿಸುವ ನಮಗೆ ಕತ್ತಲ ದಿನಗಳಲ್ಲೇ ದೀಪದ ಹಬ್ಬವೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಸಿರಿಯಾವನ್ನು ಆಳುತ್ತಿದ್ದ ಗ್ರೀಕ್ ದೊರೆ ನಾಲ್ಕನೇ ಆಂಟಿಯೋಕಸ್ ಯೆಹೂದಿಗಳ ಧರ್ಮಾಚರಣೆಯನ್ನು ನಿಷೇಧಿಸಿ, ಜೆರುಸಲೇಮಿನ ದೇವಾಲಯದಲ್ಲಿ ಗ್ರೀಕ್ ದೇವರ ಪೂಜೆ ಹೂಡಿದನು. ಯೂದಾ ಮಕಾಬಿ ಮತ್ತು ಅವನ ಸೋದರರು ಹೋರಾಡಿ ಕ್ರಿ.ಪೂ. 164ರ ಸುಮಾರಿಗೆ ದೇವಾಲಯವನ್ನು ಶುದ್ಧಿಗೊಳಿಸಿ ಮತ್ತೆ ದೇವರಿಗೆ ಅರ್ಪಿಸಿದರು. ಹನುಕ್ಕಾ ಎಂದರೆ ಆ ಸಮರ್ಪಣೆಯೇ. ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತೆಂಬ ಪ್ರಸಿದ್ಧ ಕಥೆ ಹಳೆಯ ಮಕಾಬಿ ಗ್ರಂಥಗಳಲ್ಲಿಲ್ಲ. ಅದು ನಂತರದ ತಾಲ್ಮುದ್ ಗ್ರಂಥದ್ದು.

ಮೊದಲ ರಾತ್ರಿ ಒಂದು ದೀಪ, ಎಂಟನೆಯ ರಾತ್ರಿ ಎಂಟು. ಎಂಟರಿಂದ ಆರಂಭಿಸಿ ಇಳಿಸಬೇಕೆಂದು ಶಮ್ಮಾಯ್ ಪಂಥದವರು ವಾದಿಸಿದರು. ಏರಿಸಬೇಕೆಂದ ಹಿಲ್ಲೇಲ್ ಪಂಥವೇ ಗೆದ್ದಿತು. ಈ ದೀಪಗಳು ನೋಡುವುದಕ್ಕೆ ಮಾತ್ರ. ಅವುಗಳ ಬೆಳಕಿನಲ್ಲಿ ನಾಣ್ಯ ಎಣಿಸಕೂಡದೆಂದು ತಾಲ್ಮುದ್ ಸ್ಪಷ್ಟವಾಗಿ ಹೇಳುತ್ತದೆ! ಕೆಲಸದ ಬೆಳಕಿಗೆಂದು ಒಂಬತ್ತನೆಯ ದೀಪ ಬೇರೆಯೇ ಉಂಟು.

ದೀಪವನ್ನು ಬಾಗಿಲ ಹೊರಗೆ, ದಾರಿಹೋಕರಿಗೆ ಕಾಣುವಂತೆ ಇಡಬೇಕು. ಅಪಾಯದ ಕಾಲದಲ್ಲಿ ಮಾತ್ರ ಒಳಗೆ ಮೇಜಿನ ಮೇಲಿಟ್ಟರೆ ಸಾಕು. ಹೀಗೆ ಹೊರಗಿಟ್ಟ ದೀಪದಿಂದ ನಷ್ಟವಾದರೆ? ಕ್ರಿ.ಶ. 200ರ ಸುಮಾರಿನ ಮಿಷ್ನಾ ಎಂಬ ನ್ಯಾಯಸಂಗ್ರಹದಲ್ಲಿ ಈ ವ್ಯಾಜ್ಯವಿದೆ. ಅಗಸೆನಾರು ಹೊತ್ತ ಒಂಟೆ ಬೀದಿಯಲ್ಲಿ ಹೋಗುವಾಗ ನಾರು ಅಂಗಡಿಯೊಳಗಿನ ದೀಪಕ್ಕೆ ತಗುಲಿ ಕಟ್ಟಡ ಸುಟ್ಟರೆ ಒಂಟೆಯವನು ಹೊಣೆ. ಅಂಗಡಿಯವನು ದೀಪವನ್ನು ಹೊರಗಿಟ್ಟಿದ್ದರೆ ಅವನೇ ಹೊಣೆ. ಹನುಕ್ಕಾ ದೀಪವಾದರೆ ಅಂಗಡಿಯವನಿಗೆ ವಿನಾಯಿತಿ ಎಂದರು ರಬ್ಬಿ ಯೆಹೂದಾ. ಆದರೆ 12ನೇ ಶತಮಾನದ ಮಹಾಪಂಡಿತ ಮೈಮೋನಿಡೀಸ್ ಒಪ್ಪಲಿಲ್ಲ: ಹಬ್ಬದ ದೀಪವಾದರೂ ಇಟ್ಟವನು ಪಕ್ಕದಲ್ಲೇ ಕುಳಿತು ಕಾಯಬೇಕಿತ್ತು. ನೂಲಿನ ಹೊರೆ ಬೀದಿಯಲ್ಲಿ ಸಾಗುವುದನ್ನು ದಿನವೂ ನೋಡುವ ನಮಗೆ ಈ ತೀರ್ಪೇ ಸರಿಯೆನಿಸುತ್ತದೆ. ನಮ್ಮ ವ್ರತಕ್ಕೆ ಪರರ ಸರಕು ಸುಡಬಾರದಲ್ಲ!

ಈ ಪಂಡಿತರಿಗೆ ವ್ಯಾಪಾರದ ಕಷ್ಟ ತಿಳಿಯದ್ದೇನಲ್ಲ. ಅವರ ತಮ್ಮ ಡೇವಿಡ್ ವ್ಯಾಪಾರಕ್ಕಾಗಿ ಭಾರತದ ಕಡೆಗೆ ಹೊರಟು ಸಮುದ್ರದಲ್ಲಿ ಮುಳುಗಿಹೋದರು. ಮನೆಯವರ ಹಣವೂ ಜೊತೆಗೇ ಹೋಯಿತು. ಅದೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ನಮ್ಮ ಮಂಗಳೂರಿನಲ್ಲಿ ನೆಲೆಸಿ ಮೆಣಸು ರವಾನಿಸುತ್ತ, ಕಂಚಿನ ಪಾತ್ರೆಗಳನ್ನು ಮಾಡಿಸುತ್ತ 1149ರವರೆಗೆ ಇದ್ದನು. ಅವನ ಪತ್ರಗಳು ಕೈರೋದ ಯೆಹೂದಿ ಮಂದಿರದಲ್ಲಿ ಸಿಕ್ಕಿವೆ.

ಉತ್ತರಕ್ಕೆ ಕೊಂಕಣದ ಬೆನೆ ಇಸ್ರೇಲ್ ಯೆಹೂದಿಗಳ ಕಥೆ ಇನ್ನೂ ವಿಚಿತ್ರ. ಅವರ ಕಸುಬು ಎಣ್ಣೆ ಗಾಣ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ಗಳೆಂದರು. ಶನಿವಾರದ ವಿರಾಮವನ್ನು ಬಿಡದ ಅವರಿಗೆ ಎಣ್ಣೆಯ ಹಬ್ಬವಾದ ಹನುಕ್ಕಾ ಮಾತ್ರ ಗೊತ್ತಿರಲಿಲ್ಲ. ಪೂರ್ವಜರ ಹಡಗು ಒಡೆದು ಇಲ್ಲಿ ದಡ ಸೇರಿದ್ದು ಆ ಘಟನೆಗೂ ಮೊದಲೇ ಎಂಬುದು ಅವರ ನಂಬಿಕೆ. ಬಹುಕಾಲದ ಮೇಲೆ ಕೊಚ್ಚಿಯ ಯೆಹೂದಿಗಳು ಬಂದು ಇಂಥ ಹಬ್ಬಗಳನ್ನು ಕಲಿಸಿದರು.

ಹನುಕ್ಕಾದಲ್ಲಿ ಎಣ್ಣೆಯಲ್ಲಿ ಕರಿದ ತಿಂಡಿಯೇ ಮುಖ್ಯ. ಯೂರೋಪಿನವರದು ಆಲೂಗಡ್ಡೆಯದು, ನಮಗೆ ವರ್ಜ್ಯ. ಕೊಚ್ಚಿಯವರದು ಅಕ್ಕಿ-ಬೆಲ್ಲದ ನೆಯ್ಯಪ್ಪ. ಸೂರ್ಯಾಸ್ತಕ್ಕೆ ಮುಂಚೆ ತಿಂದರೆ ನಮ್ಮ ಅಡುಗೆಮನೆಗೂ ಅಡ್ಡಿಯಿಲ್ಲ.