ಬ್ಯಾಕ್ಟೀರಿಯಗಳು ‘ಸರಳ’ ಜೀವಿಗಳೇ?

ಬ್ಯಾಕ್ಟೀರಿಯಗಳನ್ನು ಕುರಿತು ಬರೆಯುವಾಗ ‘ಸರಳ ಜೀವಿ’, ‘ಕೆಳದರ್ಜೆಯ ಜೀವಿ’ ಎಂಬ ಮಾತುಗಳನ್ನು ನಾವು ಬಹುಕಾಲದಿಂದ ಬಳಸುತ್ತ ಬಂದಿದ್ದೇವೆ. ಈ ವಾಡಿಕೆಯನ್ನು ಇನ್ನಾದರೂ ಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ. ಇದು ಬರಿಯ ಮಾತಿನ ಪ್ರಶ್ನೆಯಲ್ಲ. ಹಗೆಯನ್ನು ಅಲ್ಪನೆಂದು ಬಗೆದವನು ಸೋಲುವುದುಂಟು.

ನಮ್ಮ ಕರುಳಿನಲ್ಲಿ ವಾಸಿಸುವ ಎಷರೀಶಿಯ ಕೋಲಿಯನ್ನೇ ನೋಡೋಣ. ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿನಷ್ಟು ಉದ್ದವಿರುವ ಈ ಜೀವಿಯು ಸುತ್ತಲಿನ ಲವಣಾಂಶ, ಫಾಸ್ಫೇಟಿನ ಕೊರತೆ, ಮೆಗ್ನೀಸಿಯಮ್ಮಿನ ಪ್ರಮಾಣ ಮುಂತಾದುವನ್ನು ಸದಾ ಅರಿಯುತ್ತಿರಬೇಕು. ಇದಕ್ಕಾಗಿ ಅದರಲ್ಲಿ ಸುಮಾರು 30 ಜೋಡಿ ಪ್ರೋಟೀನುಗಳಿವೆ. ಜೋಡಿಯಲ್ಲಿ ಒಂದರ ಹೆಸರು ಹಿಸ್ಟಿಡೀನ್ ಕೈನೇಸ್. ಅದು ಸಾಮಾನ್ಯವಾಗಿ ಕೋಶದ ಪೊರೆಯಲ್ಲಿ ನೆಲೆಸಿ, ಹೊರಗಿನ ಸುದ್ದಿಯನ್ನು ಗ್ರಹಿಸಿ, ಒಂದು ಫಾಸ್ಫೇಟ್ ಗುಂಪನ್ನು ಒಳಗಿರುವ ತನ್ನ ಜೊತೆಗಾರ ಪ್ರೋಟೀನಿಗೆ ದಾಟಿಸುತ್ತದೆ. ಅದನ್ನು ಪಡೆದ ಜೊತೆಗಾರನು ಸಂದರ್ಭಕ್ಕೆ ತಕ್ಕ ಜೀನುಗಳನ್ನು ಎಚ್ಚರಿಸುತ್ತಾನೆ.

ಸೋಜಿಗವಿರುವುದು ಇಲ್ಲಿಯೇ. ಈ ಜೋಡಿಗಳು ಹಳೆಯ ಜೀನುಗಳು ಇಮ್ಮಡಿಸಿ ಕವಲೊಡೆದುದರಿಂದ ಹುಟ್ಟಿದ ದಾಯಾದಿಗಳು. ರೂಪದಲ್ಲಿ ಒಂದನ್ನೊಂದು ಬಹುವಾಗಿ ಹೋಲುವುವು. ಒಳಗೋಡೆಗಳಿಲ್ಲದ ಒಂದೇ ಕೋಶದಲ್ಲಿ ಬಾಳುವುವು. ಹಾಗಿದ್ದರೂ ಒಂದರ ಸುದ್ದಿ ಇನ್ನೊಂದರ ಕಿವಿಗೆ ಬೀಳದು. ಸಂತೆಯ ಗದ್ದಲದಲ್ಲಿ ಮಗು ತನ್ನ ತಾಯಿಯ ದನಿಯನ್ನೇ ಗುರುತಿಸುವಂತಿದೆ ಈ ಏರ್ಪಾಡು.

ಇದರ ಗುಟ್ಟು ಮೂರು ಬಗೆಯದು. ಮೊದಲನೆಯದಾಗಿ, ಜೊತೆಗಾರರು ತಾಕುವ ಎಡೆಯಲ್ಲಿನ ಕೆಲವೇ ಅಮೈನೋ ಆಮ್ಲಗಳು ಗುರುತಿನ ಮುದ್ರೆಯಾಗಿವೆ. 2008ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೈಕೇಲ್ ಲಾಬ್ ಅವರ ಬಳಗದವರು ಇವುಗಳನ್ನು ಬದಲಿಸಿ, ಒಂದು ಕೈನೇಸ್ ಬೇರೊಂದು ಜೊತೆಗಾರನಿಗೆ ಸುದ್ದಿ ಮುಟ್ಟಿಸುವಂತೆ ಮಾಡಿದರು. ಎರಡನೆಯದಾಗಿ, ಅನೇಕ ಕೈನೇಸುಗಳು ಸುದ್ದಿಯಿಲ್ಲದ ವೇಳೆಯಲ್ಲಿ ತಮ್ಮ ಜೊತೆಗಾರನ ಮೇಲಿರುವ ಫಾಸ್ಫೇಟನ್ನು ಕಿತ್ತುಹಾಕಿ, ತಪ್ಪಿ ಬಂದ ಸುದ್ದಿಯನ್ನು ಅಳಿಸಿಬಿಡುತ್ತವೆ. ಮೂರನೆಯದಾಗಿ, ನಿಜವಾದ ಜೊತೆಗಾರನು ಹೇರಳವಾಗಿದ್ದು, ಪರಕೀಯರಿಗೆ ಎಡೆಗೊಡುವುದಿಲ್ಲ.

ಈ ಶಿಸ್ತು ಕೆಟ್ಟರೆ ಆಗುವುದೇನು? 2012ರಲ್ಲಿ ಅದೇ ಬಳಗವು ಕಾಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ ಫಾಸ್ಫೇಟ್ ಕೈನೇಸಿಗೆ ದೂರದ ಬಂಧುವೊಂದರ ಗುರುತನ್ನು ತೊಡಿಸಿತು. ಸುದ್ದಿ ತಪ್ಪುದಾರಿ ಹಿಡಿಯಿತು. ಫಾಸ್ಫೇಟಿನ ಅಭಾವದಲ್ಲಿ ಆ ಬ್ಯಾಕ್ಟೀರಿಯವು ತನ್ನ ಸಹಜ ಬಂಧುಗಳೆದುರು ಹಿಂದೆ ಬಿದ್ದಿತು.

ಇದರಿಂದ ನಮಗೇನೆಂದು ವಾಚಕರು ಕೇಳಬಹುದು. ಎಂಟರೋಕಾಕಸ್ ಬ್ಯಾಕ್ಟೀರಿಯಗಳ ಕೆಲವು ತಳಿಗಳು ವ್ಯಾನ್‌ಎಸ್ ಮತ್ತು ವ್ಯಾನ್‌ಆರ್ ಎಂಬ ಇಂತಹುದೇ ಜೋಡಿಯ ಮೂಲಕ ವ್ಯಾಂಕೋಮೈಸಿನ್ ಔಷಧದ ಬರವನ್ನು ಅರಿತು, ತಮ್ಮ ಕೋಶಭಿತ್ತಿಯ ರಚನೆಯನ್ನೇ ಬದಲಿಸಿ, ಔಷಧಕ್ಕೆ ಹಿಡಿತವಿಲ್ಲದಂತೆ ಮಾಡುತ್ತವೆ. ರೋಗಿಯ ಪ್ರಾಣವು ಇಂತಹ ಒಂದು ಸಣ್ಣ ಸುದ್ದಿಯ ಮೇಲೆ ನಿಂತಿರಬಹುದು. ಮನುಷ್ಯನ ಕೋಶಗಳಲ್ಲಿ ಈ ಬಗೆಯ ಜೋಡಿಗಳಿಲ್ಲವಾದ ಕಾರಣ, ಇವುಗಳ ಸಂವಾದವನ್ನು ಕೆಡಿಸುವ ಔಷಧಗಳನ್ನು ಸಂಶೋಧಕರು ಹುಡುಕುತ್ತಿದ್ದಾರೆ. ಕೊಲ್ಲುವ ಮದ್ದನ್ನು ಮಾತ್ರ ಅರಸಿದರೆ ಸಾಲದು. ಹಗೆಯ ಮಾತನ್ನೂ ಕಲಿಯಬೇಕು.

ಆದುದರಿಂದ, ತಕ್ಷಣದ ಲಾಭ ಕಾಣದ ಇಂತಹ ಮೂಲಸಂಶೋಧನೆಗೆ ಧಾರಾಳವಾದ ನೆರವು ದೊರೆಯಬೇಕು. ಪಾಠಪುಸ್ತಕಗಳನ್ನು ಬರೆಯುವವರು ಬ್ಯಾಕ್ಟೀರಿಯವನ್ನು ‘ಚಿಕ್ಕ ಜೀವಿ’ ಎನ್ನಲಿ, ಅಡ್ಡಿಯಿಲ್ಲ. ‘ಸರಳ’ ಎಂಬ ವಿಶೇಷಣವನ್ನು ಮಾತ್ರ ಹೊಡೆದುಹಾಕಲಿ.