ಶಾಟೋ ಪಾಸೋ ಎಂದು ಕೇಳುವ ನಿಯಮ

ಪುಣೆಯಲ್ಲಿ ಒಂದು ಭಾನುವಾರದ ಬ್ಯಾಸ್ಕೆಟ್‌ಬಾಲ್ ಪಂದ್ಯ. ಮೂರು ಅಂಕ ಹಿಂದಿದ್ದ ತಂಡದ ಹುಡುಗ ಕೊನೆಯ ಕ್ಷಣದಲ್ಲಿ 6.75 ಮೀಟರ್ ಗೆರೆಯ ಹೊರಗಿನಿಂದ ಚೆಂಡನ್ನು ಎತ್ತಿ ಎಸೆದ. ಗೆರೆಯೊಳಗಿದ್ದ ಡಿಫೆಂಡರ್‌ನ ಬೆರಳು ಸವರಿ ಚೆಂಡು ಒಳಗೆ ಬಿತ್ತು. ರೆಫರಿ ಹುಡುಗನನ್ನೇ ಕೇಳಿದರು: ಶಾಟ್ ಹೊಡೆದೆಯೋ, ಪಾಸ್ ಕೊಟ್ಟೆಯೋ? ಪ್ರಾಮಾಣಿಕ ಹುಡುಗ. 'ಪಾಸ್, ಸರ್' ಅಂದ. ಎರಡು ಅಂಕ ಬಂತು, ಒಂದರಿಂದ ಸೋತರು.

ಪಕ್ಕದಲ್ಲಿ ನಿಂತಿದ್ದವರು 'ಡಿಫೆಂಡರ್ ಮುಟ್ಟಿದ ಮೇಲೆ ಎರಡೇ ತಾನೆ' ಎಂದರು. ಅದು ತಪ್ಪು. ಫಿಬಾದ ವ್ಯಾಖ್ಯಾನದ ಪ್ರಕಾರ ಶಾಟಿನ ಬೆಲೆ ಚೆಂಡು ಕೈಬಿಟ್ಟ ಜಾಗದ್ದು. ಹೊರಗಿನಿಂದ ಬಿಟ್ಟ ಶಾಟು ಮೇಲೇರುವಾಗ ಒಳಗಿದ್ದವರು ಯಾರು ಮುಟ್ಟಿದರೂ ಮೂರು ಮೂರೇ. ಒಳಗಿನಿಂದ ಬಿಟ್ಟದ್ದನ್ನು ಹೊರಗಿನಿಂದ ಹಾರಿದವನು ಮುಟ್ಟಿದರೂ ಎರಡು ಎರಡೇ. (ಚೆಂಡು ಇಳಿಯುವಾಗ, ಪೂರ್ತಿ ರಿಂಗಿಗಿಂತ ಮೇಲಿದ್ದಾಗ ಡಿಫೆಂಡರ್ ಮುಟ್ಟಿದರೆ ಅದು ಗೋಲ್‌ಟೆಂಡಿಂಗ್; ಬೀಳದಿದ್ದರೂ ಅಂಕ ಸಿಗುತ್ತದೆ.)

ಇಲ್ಲಿಯವರೆಗೆ ನಾನು ಫಿಬಾದ ಪಕ್ಷ. ತಕರಾರಿರುವುದು ಪಾಸಿನ ಬಗ್ಗೆ. ಹೊರಗಿನಿಂದ ಕೊಟ್ಟ ಪಾಸು ಯಾರನ್ನೂ ಮುಟ್ಟದೆ ನೇರ ಬ್ಯಾಸ್ಕೆಟ್‌ಗೆ ಬಿದ್ದರೆ ಮೂರು. ಒಳಗಿದ್ದವನಿಗೆ ತಗುಲಿ ಬಿದ್ದರೆ ಎರಡು. ಕನ್ನಡದಲ್ಲಿ ನಾವು 'ಬ್ಯಾಸ್ಕೆಟ್ ಹಾಕಿದ' ಅನ್ನುತ್ತೇವೆ, 'ಬ್ಯಾಸ್ಕೆಟ್ ಬಿತ್ತು' ಅಂತಲೂ ಅನ್ನುತ್ತೇವೆ. ಹಾಕಲು ಒಬ್ಬ ಕರ್ತೃ ಬೇಕು; ಬೀಳಲು ಬೇಡ. ತಾನಾಗಿ ಬಿದ್ದ ಪಾಸಿಗೆ ಮೂರು ಕೊಡುವಾಗ ನಿಯಮಕ್ಕೆ ಕರ್ತೃವಿನ ಉದ್ದೇಶ ಬೇಡ. ಬೆರಳು ತಗುಲಿದ ಕೂಡಲೇ ಅದೇ ನಿಯಮ ಉದ್ದೇಶದ ವಿಚಾರಣೆಗೆ ಕೂರುತ್ತದೆ. ಇದ್ಯಾವ ನ್ಯಾಯ?

ಪಾಸು ಬ್ಯಾಸ್ಕೆಟ್ಟಿಗೆ ಹೊರಟಿರಲಿಲ್ಲ, ಅಲ್ಲಿಗೆ ಕಳಿಸಿದ್ದು ಡಿಫೆಂಡರ್‌ನ ಕೈ, ಹಾಗಾಗಿ ಅವನಿದ್ದ ಜಾಗದ ಬೆಲೆ ಎಂಬ ವಾದವಿದೆ. ತೆಗೆದುಹಾಕುವಂಥ ವಾದವಲ್ಲ. ಆದರೆ ದಿಕ್ಕುತಪ್ಪಿ ಹೋಗುತ್ತಿದ್ದ ಶಾಟನ್ನೂ ಡಿಫೆಂಡರ್‌ನ ಕೈಯೇ ಒಳಗೆ ಕಳಿಸಿದ್ದುಂಟು. ಅದಕ್ಕೆ ಮೂರು ಕೊಡುತ್ತೇವಲ್ಲ!

ಅಲ್ಲದೆ ಶಾಟನ್ನೂ ಪಾಸನ್ನೂ ಬೇರ್ಪಡಿಸುವುದು ಹೇಗೆ? ಎದುರಾಳಿಯ ಬ್ಯಾಸ್ಕೆಟ್‌ನತ್ತ ಗಾಳಿಯಲ್ಲಿ ಎಸೆದರೆ ಅದು ಶಾಟ್ ಎನ್ನುತ್ತದೆ ನಿಯಮ. ಆಲಿ-ಊಪ್‌ಗಾಗಿ ರಿಂಗಿನ ಪಕ್ಕಕ್ಕೆ ತೇಲಿಸುವ ಪಾಸು ಹೋಗುವುದೂ ಅತ್ತಲೇ. ದೊಡ್ಡ ಪಂದ್ಯಗಳಲ್ಲಿ ವಿಡಿಯೊ ನೋಡಿ ಎರಡೋ ಮೂರೋ ಎಂದು ತೀರ್ಮಾನಿಸುತ್ತಾರೆ. ಕಾಲು ಗೆರೆ ತುಳಿದಿತ್ತೇ ಎಂಬುದನ್ನು ಕ್ಯಾಮೆರಾ ಹೇಳೀತು, ಎಸೆದವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನಲ್ಲ. ಕ್ಯಾಮೆರಾವೇ ಇಲ್ಲದ ನಮ್ಮ ಮೈದಾನಗಳಲ್ಲಿ ಉಳಿಯುವುದು ರೆಫರಿಯ ಊಹೆ, ಇಲ್ಲವೇ ಆಟಗಾರನ ಬಾಯಿಮಾತು. 'ಶಾಟ್, ಸರ್' ಎಂದು ಸುಳ್ಳು ಹೇಳಿದವನಿಗೆ ಮೂರು.

ಸ್ವಂತ ತಂಡದವನು ಒಳಗಿನಿಂದ ಚೆಂಡನ್ನು ತಟ್ಟಿ ಹಾಕಿದರೆ ಅದು ಅವನದೇ ಗೋಲು, ಎರಡೇ ಇರಲಿ. ನೆಲಕ್ಕೆ ಪುಟಿದು ಬಿದ್ದದ್ದಕ್ಕೂ ಈಗಿನ ಲೆಕ್ಕವೇ ಇರಲಿ. ಆದರೆ ಗಾಳಿಯಲ್ಲಿರುವ ಚೆಂಡಿಗೆ ಡಿಫೆಂಡರ್‌ನ ಕೈ ಮಾತ್ರ ತಗುಲಿದ್ದರೆ, ಶಾಟೋ ಪಾಸೋ ಕೇಳದೆ, ಚೆಂಡು ಕೈಬಿಟ್ಟ ಜಾಗವನ್ನಷ್ಟೇ ನೋಡಿ ಅಂಕ ಕೊಡಬೇಕು. ರೆಫರಿ ಎಸೆದವನ ಕಾಲು ನೋಡಿದರೆ ಸಾಕು.