ಸಮಾಜ ವಿಜ್ಞಾನದ 35 ಅಂಕ

ಸಂಜೆಯ ಹೊತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಜಗಲಿಯ ಮೇಲೆ ಕುಳಿತು ಮಾದರಿ ಪ್ರಶ್ನೆಪತ್ರಿಕೆಯನ್ನು ಬಿಡಿಸುತ್ತಿದ್ದಾಳೆ. 'ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷ ಯಾವುದು?' ಎಂಬುದು ಪ್ರಶ್ನೆ. ಕೆಳಗೆ ನಾಲ್ಕು ಆಯ್ಕೆಗಳಿವೆ: 1947, 1950, 1956, 1973. ಅವಳು ಹಿಂದೆಮುಂದೆ ನೋಡದೆ 1956ಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾಳೆ.

ಉತ್ತರ ತಪ್ಪು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು ನಿಜ. ಆದರೆ ಆ ರಾಜ್ಯದ ಹೆಸರು ಮೈಸೂರು ಎಂದೇ ಉಳಿದಿತ್ತು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ತಮಾಷೆಯೆಂದರೆ, ಹುಡುಗಿಗೆ ಇವೆರಡೂ ಗೊತ್ತು. ಬಾಯಿಮಾತಿನಲ್ಲಿ ಕೇಳಿದರೆ ತಡವರಿಸದೆ ಹೇಳುತ್ತಾಳೆ. ಪ್ರತಿ ವರ್ಷ ರಾಜ್ಯೋತ್ಸವದ ಭಾಷಣದಲ್ಲಿ ಕೇಳಿದ ವರ್ಷ ಕಣ್ಣಿಗೆ ಬಿದ್ದೊಡನೆ ಕೈ ಅಲ್ಲಿಗೆ ಓಡಿತು, ಅಷ್ಟೆ. ಪ್ರಶ್ನೆ ಕೇಳಿದ್ದೇನು ಎಂಬುದನ್ನು ಕಣ್ಣು ಪೂರ್ತಿ ಓದಿರಲಿಲ್ಲ.

ಅವಳು ಸಿದ್ಧತೆ ನಡೆಸಿರುವುದು ಎನ್‌ಎಂಎಂಎಸ್ ಎಂದು ಕರೆಯಲಾಗುವ ರಾಷ್ಟ್ರೀಯ ವಿದ್ಯಾರ್ಥಿವೇತನ ಪರೀಕ್ಷೆಗೆ. 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಯೋಜನೆ ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗಾಗಿ ಇರುವಂಥದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷಕ್ಕೆ ಒಟ್ಟು 48,000 ರೂಪಾಯಿ ಸಿಗುತ್ತದೆ. ನಡುವೆ ನಿಗದಿತ ಅಂಕ ಪಡೆಯುತ್ತ ಹೋಗಬೇಕು ಎಂಬ ಷರತ್ತೂ ಇದೆ. ಹತ್ತನೇ ತರಗತಿ ಮುಗಿದ ಮೇಲೆ ಮಗಳನ್ನು ಓದಿಸುವುದೋ ಬಿಡಿಸುವುದೋ ಎಂದು ಲೆಕ್ಕ ಹಾಕುವ ಮನೆಗಳಲ್ಲಿ ಇದು ಸಣ್ಣ ಹಣವಲ್ಲ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯ ವಿಷಯಗಳದ್ದು. ತಲಾ 90 ಪ್ರಶ್ನೆ, ತಲಾ 90 ನಿಮಿಷ. ರಾಜ್ಯದ ಪಠ್ಯ ವಿಷಯಗಳ ಪತ್ರಿಕೆಯಲ್ಲಿ ವಿಜ್ಞಾನಕ್ಕೆ 35, ಗಣಿತಕ್ಕೆ 20, ಸಮಾಜ ವಿಜ್ಞಾನಕ್ಕೆ 35 ಪ್ರಶ್ನೆಗಳಿವೆ. ಈ ಹಂಚಿಕೆಯನ್ನು ಎಷ್ಟು ಪೋಷಕರು ಗಮನಿಸಿದ್ದಾರೆ? ಗಣಿತಕ್ಕೆ ಟ್ಯೂಷನ್ ಇರುತ್ತದೆ, ಬೌದ್ಧಿಕ ಸಾಮರ್ಥ್ಯಕ್ಕೆ ದಪ್ಪನೆಯ ಗೈಡು ಬರುತ್ತದೆ. ಸಮಾಜ ವಿಜ್ಞಾನದ ಪಾಲಿಗೆ ಮಾತ್ರ 'ಕೊನೆಯ ವಾರ ಒಮ್ಮೆ ಓದಿದರಾಯಿತು' ಎಂಬ ಮಾತು. ಪಾಠ ಮುಗಿದಿಲ್ಲವೆಂದು ಸಮಾಜದ ಪೀರಿಯಡ್ಡನ್ನು ಕಡ ಕೇಳಿ ತೆಗೆದುಕೊಂಡು ಹಿಂದಿರುಗಿಸದ ಗಣಿತ, ವಿಜ್ಞಾನದ ಮೇಷ್ಟ್ರುಗಳೂ ಈ ಮಟ್ಟಿಗೆ ನಿರ್ದೋಷಿಗಳಲ್ಲ.

ಉರು ಹೊಡೆದು ಬರೆಯುವ ವಿಷಯ ಎಂಬ ತಿಳಿವಳಿಕೆಯೇ ಈ ಅಲಕ್ಷ್ಯಕ್ಕೆ ಕಾರಣ. ಆದರೆ ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಉರು ಹೊಡೆದ ಮಗುವೇ ಹೆಚ್ಚು ಎಡವುತ್ತದೆ. ಏಕೆಂದರೆ ನಾಲ್ಕೂ ಆಯ್ಕೆಗಳು ಅದು ಎಲ್ಲೋ ಓದಿದವೇ ಆಗಿರುತ್ತವೆ.

ಇತಿಹಾಸದ ಒಂದು ಪ್ರಶ್ನೆಯನ್ನೇ ನೋಡಬಹುದು. 'ಹರ್ಷವರ್ಧನನ ಸಮಕಾಲೀನನಾದ ದಕ್ಷಿಣದ ದೊರೆ ಯಾರು?' ಆಯ್ಕೆಗಳು: ಮಯೂರವರ್ಮ, ಇಮ್ಮಡಿ ಪುಲಕೇಶಿ, ಅಮೋಘವರ್ಷ, ವಿಷ್ಣುವರ್ಧನ. ನಾಲ್ವರೂ ಹೆಸರಾಂತ ಅರಸರು. ಇಸವಿಗಳ ಪಟ್ಟಿ ಕಂಠಪಾಠ ಮಾಡಿದ ಹುಡುಗ ಒಂದು ಅಂಕಿ ಮರೆತರೆ ಅಲ್ಲೇ ನಿಂತುಬಿಡುತ್ತಾನೆ. ಯಾರ ನಂತರ ಯಾರು ಎಂಬ ಸರಪಳಿ ಹಿಡಿದವನಿಗೆ ಆ ತೊಂದರೆ ಇಲ್ಲ. ಬನವಾಸಿಯ ಕದಂಬರನ್ನು ಅಡಗಿಸಿ ಬಾದಾಮಿಯ ಚಾಲುಕ್ಯರು ಮೇಲೆದ್ದರು. ಸುಮಾರು 753ರಲ್ಲಿ ದಂತಿದುರ್ಗ ಆ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟರ ಆಳ್ವಿಕೆಗೆ ದಾರಿ ಮಾಡಿದ. 973ರಲ್ಲಿ ಎರಡನೆಯ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿ ಕಲ್ಯಾಣದ ಚಾಲುಕ್ಯರ ಆಳ್ವಿಕೆಯನ್ನು ಆರಂಭಿಸಿದ. ಹೊಯ್ಸಳರು ಪ್ರಬಲರಾದದ್ದು ಅದಕ್ಕೂ ಆಮೇಲೆ. ಈ ಸಾಲು ತಲೆಯಲ್ಲಿದ್ದರೆ, 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೊಗಳಿದ, ಹರ್ಷನನ್ನು ತಡೆದ ದೊರೆ ಪುಲಕೇಶಿಯೇ ಎಂದು ಹೇಳಲು ಕಷ್ಟವಿಲ್ಲ. ಮೂರ್ನಾಲ್ಕು ಇಸವಿ ನೆನಪಿದ್ದರೆ ಸಾಕು, ಉಳಿದವರು ತಾವಾಗಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತಾರೆ.

ಭೂಗೋಳದಲ್ಲಿ ಸರಪಳಿಯ ಕೆಲಸವನ್ನು ನಕ್ಷೆ ಮಾಡುತ್ತದೆ. 'ಗುಂಪಿಗೆ ಸೇರದ ನದಿಯನ್ನು ಗುರುತಿಸಿ: ಕಾಳಿ, ಶರಾವತಿ, ಕಬಿನಿ, ನೇತ್ರಾವತಿ.' ನದಿಗಳ ಹೆಸರನ್ನು ಪದ್ಯದಂತೆ ಒಪ್ಪಿಸುವ ಮಗು ಇಲ್ಲಿ ಕಕ್ಕಾಬಿಕ್ಕಿಯಾಗುತ್ತದೆ. ಪಶ್ಚಿಮ ಘಟ್ಟ ಮನೆಯ ಮಾಡಿನ ಹಾಗೆ ನೀರನ್ನು ಎರಡು ಕಡೆಗೆ ಹರಿಸುತ್ತದೆ ಎಂದು ಅರಿತ ಮಗುವಿಗೆ ಕಬಿನಿಯೊಂದೇ ಪೂರ್ವದ ಇಳಿಜಾರಿನಲ್ಲಿ ಕಾವೇರಿಯ ಕಡೆಗೆ ಹೋಗುವುದು ಕಾಣುತ್ತದೆ.

ಹೆಚ್ಚು ಓದದ ಪೋಷಕರೂ ಮಕ್ಕಳಿಗೆ ನೆರವಾಗಬಹುದಾದ ಜಾಗ ಇದೇ. ಜಗಲಿಯ ಹುಡುಗಿಯ ತಂದೆ ಹಾಸನದಿಂದ ಮಂಗಳೂರಿಗೆ ಲಾರಿ ಓಡಿಸುವವರು. ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆ ದಾಟುತ್ತಾರೆ, ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ನೋಡುತ್ತಾರೆ. ಮೊದಲನೆಯದರ ನೀರು ಕಾವೇರಿ ಸೇರಿ ಬಂಗಾಳಕೊಲ್ಲಿಗೆ, ಎರಡನೆಯದರ ನೀರು ಅರಬ್ಬಿ ಸಮುದ್ರಕ್ಕೆ. ಒಂದೇ ದಿನದ ಪ್ರಯಾಣದಲ್ಲಿ ಪಠ್ಯದ ಒಂದು ಪಾಠವನ್ನೇ ಅವರು ದಾಟಿ ಬಂದಿರುತ್ತಾರೆ. ಗೋಡೆಗೆ ಒಂದು ಕರ್ನಾಟಕದ ನಕ್ಷೆ ಅಂಟಿಸಿ, 'ಅಪ್ಪ, ಇವತ್ತು ಯಾವ ದಾರಿಯಲ್ಲಿ ಹೋದಿರಿ?' ಎಂದು ಮಗಳು ಬೆರಳಿಟ್ಟು ಕೇಳಿದರೆ ಗೈಡಿನ ಹತ್ತು ಪುಟಕ್ಕೆ ಸಮ.

ರೇಖಾಂಶ ಮತ್ತು ವೇಳೆಯ ಲೆಕ್ಕವೆಂದರೆ ಮಕ್ಕಳು ಹೆದರುತ್ತಾರೆ. ಇದನ್ನು ಅಂಗಳದಲ್ಲಿ ಒಂದು ಕೋಲು ನೆಟ್ಟು ಕಲಿಯಬಹುದು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಹಾಸನ ಇರುವುದು ಸುಮಾರು 76 ಡಿಗ್ರಿಯಲ್ಲಿ. ವ್ಯತ್ಯಾಸ ಆರೂವರೆ ಡಿಗ್ರಿ, ಅಂದರೆ 26 ನಿಮಿಷ. ಹಾಗಾಗಿ ಕೋಲಿನ ನೆರಳು ಅತಿ ಗಿಡ್ಡವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, 12 ಗಂಟೆ 26 ನಿಮಿಷದ ಸುಮಾರಿಗೆ. ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಇದು ಕಾಲು ಗಂಟೆಯವರೆಗೆ ಆಚೀಚೆ ಆಗುವುದುಂಟು. ಡಿಸೆಂಬರ್ ಕೊನೆಯ ವಾರದಲ್ಲಿ ಅಳೆದರೆ ಲೆಕ್ಕಕ್ಕೆ ಬಹಳ ಹತ್ತಿರ ಬರುತ್ತದೆ. ಒಮ್ಮೆ ನೆರಳನ್ನು ಅಳೆದ ಮಗು 'ಪೂರ್ವಕ್ಕೆ ಕೂಡಬೇಕೋ ಕಳೆಯಬೇಕೋ' ಎಂದು ಪರೀಕ್ಷೆಯ ಕೊಠಡಿಯಲ್ಲಿ ಬೆರಳು ಕಚ್ಚುವುದಿಲ್ಲ.

ಪೌರನೀತಿಯಲ್ಲಿ ಅವಳಿಜವಳಿ ಸಂಗತಿಗಳ ಕಾಟ. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು, ಜಾರಿಗೆ ಬಂದದ್ದು 1950ರ ಜನವರಿ 26ರಂದು. ಸಂವಿಧಾನ ರಚನಾ ಸಭೆಯ ಅಧ್ಯಕ್ಷರು ರಾಜೇಂದ್ರ ಪ್ರಸಾದ್, ಕರಡು ಸಮಿತಿಯ ಅಧ್ಯಕ್ಷರು ಅಂಬೇಡ್ಕರ್. ಇವನ್ನು ಬೇರೆ ಬೇರೆ ಪುಟಗಳಲ್ಲಿ ಓದುವ ಬದಲು ಎದುರುಬದುರಾಗಿ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳುವುದು ಮೇಲು.

ಮಾದರಿ ಪತ್ರಿಕೆಗಳನ್ನು ರಾಶಿ ಹಾಕಿಕೊಂಡು ಬಿಡಿಸುವುದಕ್ಕಿಂತ ಒಂದನ್ನೇ ಸರಿಯಾಗಿ ನೋಡುವುದು ಲಾಭಕರ. ತಪ್ಪಾದ ಪ್ರಶ್ನೆಯ ಮುಂದೆ ಸರಿಯುತ್ತರ ಬರೆದು ಸುಮ್ಮನಾಗಬಾರದು. ಉಳಿದ ಮೂರು ಆಯ್ಕೆಗಳು ಯಾವ ಪ್ರಶ್ನೆಗೆ ಉತ್ತರವಾಗುತ್ತಿದ್ದವು ಎಂದೂ ಬರೆಯಬೇಕು. ಆಗ ಒಂದು ಪ್ರಶ್ನೆ ನಾಲ್ಕಾಗುತ್ತದೆ.

ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಈ ಪರೀಕ್ಷೆಯಲ್ಲಿಲ್ಲ. ಆದ್ದರಿಂದ ಖಾಲಿ ಬಿಡುವುದು ಶುದ್ಧ ನಷ್ಟ. ಖಂಡಿತ ಅಲ್ಲವೆನಿಸಿದ ಎರಡು ಆಯ್ಕೆಗಳನ್ನು ಹೊಡೆದುಹಾಕಿದರೆ ಉಳಿದದ್ದರಲ್ಲಿ ಅರ್ಧಕ್ಕರ್ಧ ಅವಕಾಶವಿದೆ. ಒಂದು ಪ್ರಶ್ನೆ ದಾಟಿ ಮುಂದೆ ಹೋದಾಗ ಉತ್ತರ ಹಾಳೆಯಲ್ಲೂ ಆ ಸಾಲನ್ನು ದಾಟಬೇಕು. ಇಲ್ಲವಾದರೆ ಮುಂದಿನ ಗುರುತುಗಳೆಲ್ಲ ಒಂದೊಂದು ಮನೆ ಜಾರಿ, ಗೊತ್ತಿದ್ದ ಉತ್ತರಗಳೂ ತಪ್ಪಾಗುತ್ತವೆ.

ಜಗಲಿಯ ಹುಡುಗಿಗೆ ಅಂದು 35ರಲ್ಲಿ 19 ಬಂತು. ತಪ್ಪಾದ 16ನ್ನು ಅವಳು ಮತ್ತೆ ಓದಿದಳು. ಏಳು ಪ್ರಶ್ನೆಗಳ ಉತ್ತರ ಅವಳಿಗೆ ಗೊತ್ತೇ ಇತ್ತು. ಆ ಏಳನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದು, 1973ರ ಅಡಿಗೆ ಎರಡು ಗೆರೆ ಎಳೆದಳು. ಅಷ್ಟರಲ್ಲಿ ಹೊರಗೆ ಲಾರಿ ನಿಂತ ಸದ್ದಾಯಿತು. ಅವಳು ನಕ್ಷೆ ಬಿಡಿಸಿಕೊಂಡು ಬಾಗಿಲಿಗೆ ಹೋದಳು.